ಘಟಪ್ರಭೆಯ ನಾಡಿಗೆ ಇಸ್ಲಾಂ ಬಂದ ಬಗೆ

ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿಯ ಸೀಮೆಯನ್ನು ಹಾಯ್ದು, ಗೋಕಾಕದ ಬಳಿ ಸುಮಾರು 170 ಅಡಿ ಎತ್ತರದ ಬಂಡೆಯಿಂದ ಧುಮುಕಿ, ಮುಂದೆ ಮೂಡಲಗಿಯ ಬಯಲನ್ನು ತಂಪಾಗಿಸುತ್ತ ಕೃಷ್ಣೆಯನ್ನು ಕೂಡಲು ಸಾಗುವ ಘಟಪ್ರಭೆಯ ನಾಡು, ಕನ್ನಡಿಗರ ಇತಿಹಾಸದಲ್ಲಿ ಮೊದಲಿಗೆ ಹೆಸರು ಪಡೆದುದು ಜೈನ ಬಸದಿಗಳ, ಶಿವಾಲಯಗಳ ಮತ್ತು ಸವದತ್ತಿಯ ರಟ್ಟರೆಂಬ ಮಾಂಡಲಿಕರ ನಾಡಾಗಿ. ಗೋಕಾಕ ಜಲಪಾತದ ಅಂಚಿನಲ್ಲಿಯೇ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ; ಅದರ ಸಮೀಪದ ಕೊಣ್ಣೂರಿನಲ್ಲಿ 1087ರ ಜೈನ ಶಾಸನವಿದೆ; ಇಂದಿನ ಮೂಡಲಗಿ ತಾಲೂಕಿಗೆ ಸೇರಿದ ಕಲ್ಲೋಳಿಯಲ್ಲಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ ಬಸದಿಗೆ ದತ್ತಿ ಬಿಟ್ಟುದನ್ನು ಹೇಳುವ ಶಾಸನವಿದೆ. ಅದೇ ವರ್ಷ ಆ ಅರಸನ ಮಂತ್ರಿಯು ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿಯನ್ನು ಕಟ್ಟಿಸಿದನು. ಇಂತಹ ನಾಡಿನಲ್ಲಿ ಇಂದು ಹುಕ್ಕೇರಿಯ ನೆತ್ತಿಯ ಮೇಲೆ ಆದಿಲಶಾಹಿ ಗುಮ್ಮಟಗಳು ನಿಂತಿವೆ, ಗೋಕಾಕದ ಪೇಟೆಯಲ್ಲಿ ನವಾಬರ ಕಾಲದ ಮಸೀದಿಯಿದೆ, ಹಳ್ಳಿಹಳ್ಳಿಗೂ ಒಬ್ಬ ಪೀರನ ಗೋರಿಯೋ ಒಂದು ಮಸೂತಿಯೋ ಇದೆ, ಮುಲ್ಲಾ, ನದಾಫ, ಅತ್ತಾರ, ಬಾಗವಾನ, ಮುಜಾವರ ಎಂಬ ಮನೆತನಗಳು ನಮ್ಮ ನೆರೆಮನೆಗಳಾಗಿ ಬಾಳುತ್ತಿವೆ. ಈ ಬದಲಾವಣೆ ಯಾವಾಗ, ಯಾರಿಂದ, ಹೇಗೆ ನಡೆಯಿತು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ: ಎಲ್ಲವೂ ಖಡ್ಗದ ಬಲದಿಂದ ಆಯಿತೆಂಬುದು ಒಂದು, ಎಲ್ಲವೂ ಪ್ರೇಮದಿಂದ ಆಯಿತೆಂಬುದು ಇನ್ನೊಂದು. ಎರಡೂ ಉತ್ತರಗಳಲ್ಲಿರುವ ದೋಷವೆಂದರೆ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರಿಂದ, ಬೇರೆ ಬೇರೆ ವೇಗದಲ್ಲಿ ನಡೆದ ಎರಡು ಸಂಗತಿಗಳನ್ನು ಅವು ಒಂದೇ ಸಂಗತಿಯೆಂದು ಎಣಿಸುತ್ತವೆ. ಕೋಟೆಯ ಮೇಲಣ ಧ್ವಜ ಬದಲಾಗಲು ಒಂದು ಬೇಸಗೆಯ ಮುತ್ತಿಗೆ ಸಾಕು; ಊರಿನ ಒಬ್ಬ ನೇಕಾರನ ಮನೆಯಲ್ಲಿ ಹುಟ್ಟಿದ ಕೂಸಿಗೆ ಇಡುವ ಹೆಸರು ಬದಲಾಗಬೇಕಾದರೆ ತಲೆಮಾರುಗಳು ಉರುಳಬೇಕು. ಬೆಳಗಾವಿ ಸೀಮೆಯ ಇತಿಹಾಸವನ್ನು ಓದುವಾಗ ದಂಡಯಾತ್ರೆಯ ಕಥೆಯನ್ನೂ ಧರ್ಮದ ಕಥೆಯನ್ನೂ ಮೊದಲು ಬೇರ್ಪಡಿಸಿ, ಅನಂತರ ಅವು ಎಲ್ಲೆಲ್ಲಿ ಒಂದನ್ನೊಂದು ಮುಟ್ಟಿದುವು ಎಂಬುದನ್ನು ನೋಡುವುದೇ ನ್ಯಾಯವಾದ ಕ್ರಮವೆಂದು ನಾನು ನಂಬಿದ್ದೇನೆ.

ಕರ್ನಾಟಕದ ಕರಾವಳಿಗೆ ಇಸ್ಲಾಂ ಬಂದುದು ಹಡಗಿನಲ್ಲಿ. ಅರಬ್ಬೀ ವರ್ತಕರು ಕುದುರೆ ತಂದು ಮೆಣಸು ಒಯ್ಯುತ್ತ ಭಟ್ಕಳ ಹೊನ್ನಾವರಗಳಲ್ಲಿ ನೆಲೆಸಿದರು. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಅಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತನು ಹೊನ್ನಾವರದ ಮುಸಲ್ಮಾನರ ಸಂಸಾರಗಳನ್ನೂ ಅಲ್ಲಿಯ ಪಾಠಶಾಲೆಗಳನ್ನೂ ವರ್ಣಿಸಿದ್ದಾನೆ. ಘಟ್ಟದ ಮೇಲಣ ನಾಡಿಗೆ ಅದು ಬಂದುದು ಬಡಗಣ ದಾರಿಯಿಂದ, ಕುದುರೆಯ ಬೆನ್ನೇರಿ. 1238ರ ಹೊತ್ತಿಗೆ ದೇವಗಿರಿಯ ಸೇವುಣರ ಸೇನಾನಿ ವೀಚಣನು ರಟ್ಟರನ್ನು ಅಡಗಿಸಿದ ಮೇಲೆ ಈ ನಾಡಿನ ಭಾಗ್ಯವು ದೇವಗಿರಿಯ ಭಾಗ್ಯದೊಡನೆ ಹೆಣೆದುಕೊಂಡಿದ್ದಿತು. ಆ ದೇವಗಿರಿಯನ್ನು 1296ರಲ್ಲಿ ಅಲ್ಲಾವುದ್ದೀನ ಖಿಲಜಿಯು ಸೂರೆಗೈದನು. 1318ರಲ್ಲಿ ಅದು ದಿಲ್ಲಿಯ ಆಳ್ವಿಕೆಗೇ ಸೇರಿಹೋಯಿತು. 1327ರಲ್ಲಿ ಮಹಮ್ಮದ ಬಿನ್ ತುಘಲಕನು ಅದಕ್ಕೆ ದೌಲತಾಬಾದೆಂದು ಹೆಸರಿಟ್ಟು ತನ್ನ ಎರಡನೆಯ ರಾಜಧಾನಿಯನ್ನಾಗಿ ಮಾಡಿಕೊಂಡನು. ತುಘಲಕನಿಗೆ ತಿರುಗಿಬಿದ್ದ ಅವನದೇ ಸರದಾರರು 1347ರಲ್ಲಿ ಅಲ್ಲಾವುದ್ದೀನ ಹಸನ್ ಬಹಮನ್ ಶಹನನ್ನು ಪಟ್ಟಕ್ಕೆ ತಂದು ಕಲಬುರ್ಗಿಯಲ್ಲಿ ಬಹಮನೀ ರಾಜ್ಯವನ್ನು ಕಟ್ಟಿದರು. ಅತ್ತ ತುಂಗಭದ್ರೆಯ ದಂಡೆಯಲ್ಲಿ ವಿಜಯನಗರವು ಆಗತಾನೆ ತಲೆಯೆತ್ತಿತ್ತು. ಇವೆರಡರ ನಡುವೆ, ಸ್ಥೂಲವಾಗಿ ಹೇಳುವುದಾದರೆ, ಘಟಪ್ರಭೆಯ ಆಸುಪಾಸಿನ ನೆಲವು ನೂರಕ್ಕೂ ಮಿಕ್ಕಿದ ವರುಷ ಗಡಿನಾಡಾಗಿ ಉಳಿಯಿತು. ಗಡಿನಾಡಿನ ಒಕ್ಕಲಿಗನಿಗೆ ಅರಸನ ಮತಕ್ಕಿಂತ ಹಾದುಹೋಗುವ ದಂಡಿನ ಹಸಿವೇ ದೊಡ್ಡ ಚಿಂತೆಯಾಗಿದ್ದಿರಬೇಕು; ಏಕೆಂದರೆ ಎರಡೂ ಕಡೆಯ ಕುದುರೆಗಳು ಮೇಯುತ್ತಿದ್ದುದು ಅವನ ಹೊಲದ ಜೋಳವನ್ನೇ.

ಈ ಅನಿಶ್ಚಯವು ಮುಗಿದುದು 1473ರಲ್ಲಿ. ಅದಕ್ಕೆ ಹಿಂದಿನ ವರುಷ ಬಹಮನೀ ಮಂತ್ರಿ ಮಹಮೂದ ಗವಾನನು ಗೋವೆಯನ್ನು ವಿಜಯನಗರದಿಂದ ಕಿತ್ತುಕೊಂಡಿದ್ದನು. ಗವಾನನು ಇರಾನಿನ ಗೀಲಾನ್ ಸೀಮೆಯವನು. ವ್ಯಾಪಾರಿಯಾಗಿ ದಖ್ಖನಿಗೆ ಬಂದು, ತನ್ನ ಬುದ್ಧಿಬಲದಿಂದ ರಾಜ್ಯದ ಮುಖ್ಯಮಂತ್ರಿಯಾಗಿ, ಆಗ ಬಹಮನೀ ರಾಜಧಾನಿಯಾಗಿದ್ದ ಬೀದರದಲ್ಲಿ ಇಂದಿಗೂ ನಾವು ಕಂಡು ಬೆರಗಾಗುವ ಮದರಸಾವನ್ನು ಕಟ್ಟಿಸಿದ ವಿದ್ವಾಂಸ. ಗೋವೆಯನ್ನು ಮರಳಿ ಪಡೆಯುವ ಆಸೆಯಿಂದ ವಿಜಯನಗರವು ಬೆಳಗಾವಿಯ ನಾಯಕನನ್ನು ಪ್ರೇರಿಸಿತೆಂದೂ, ಆ ನಾಯಕನನ್ನು ದಂಡಿಸಲು ಸುಲ್ತಾನ ಮೂರನೆಯ ಮಹಮ್ಮದ ಶಹನು ತಾನೇ ಗವಾನನೊಡನೆ ಹೊರಟುಬಂದನೆಂದೂ ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಪಾರಸಿ ಲಿಪಿಯಲ್ಲಿ ಆ ನಾಯಕನ ಹೆಸರು ಪರ್ಕೇತನೆಂದೂ ಬಿರ್ಕಾಣರಾಯನೆಂದೂ ವಿಕಾರಗೊಂಡಿದೆ. ಬೆಳಗಾವಿ ಕೋಟೆಯ ಸುತ್ತಲೂ ನೀರು ತುಂಬಿದ ಆಳವಾದ ಕಂದಕ, ಅದರಾಚೆಗೆ ಗಟ್ಟಿಮುಟ್ಟಾದ ಗೋಡೆ; ಇದಿರಿನಿಂದ ಏರಿಹೋಗುವುದು ಅಸಾಧ್ಯವೆಂದು ಕಂಡಾಗ ಗವಾನನು ನೆಲದಡಿಯಲ್ಲಿ ಸುರಂಗಗಳನ್ನು ತೋಡಿಸಿ, ಅವುಗಳಲ್ಲಿ ಮದ್ದನ್ನು ತುಂಬಿಸಿ, ಗೋಡೆಯನ್ನು ಸಿಡಿಸಿದನು. ಸುರಂಗದಲ್ಲಿ ಮದ್ದಿಟ್ಟು ಸಿಡಿಸುವ ಯುಕ್ತಿಯನ್ನು ದಖ್ಖನವು ಅದುವರೆಗೆ ಅರಿತಿರಲಿಲ್ಲವೆಂದು ಫಿರಿಶ್ತಾ ಹೇಳುತ್ತಾನೆ.

ಮುತ್ತಿಗೆಯ ಕೊನೆಯ ಪ್ರಸಂಗವು ಹೃದಯಸ್ಪರ್ಶಿಯಾಗಿದೆ. ಸೋಲು ಖಚಿತವೆಂದು ತಿಳಿದ ನಾಯಕನು, ತಾನು ರಾಜನ ದೂತನೆಂದು ಹೇಳಿಕೊಂಡು, ವೇಷ ಮರೆಸಿಕೊಂಡು ಸುಲ್ತಾನನ ಡೇರೆಗೆ ಬಂದನಂತೆ. ಸಮ್ಮುಖದಲ್ಲಿ ನಿಂತಾಗ ರುಮಾಲನ್ನು ಕೊರಳಿಗೆ ಸುತ್ತಿಕೊಂಡು, ಬಂದಿರುವವನು ದೂತನಲ್ಲ, ಸ್ವತಃ ತಾನೇ ಎಂದು ಪ್ರಕಟಿಸಿದನಂತೆ. ಆ ಧೈರ್ಯವನ್ನು ಮೆಚ್ಚಿ ಸುಲ್ತಾನನು ಅವನನ್ನು ಕೊಲ್ಲದೆ ತನ್ನ ಸರದಾರರಲ್ಲಿ ಒಬ್ಬನನ್ನಾಗಿ ಸೇರಿಸಿಕೊಂಡನು. ಆ ಪಾಳೆಯದಲ್ಲಿಯೇ ಸುಲ್ತಾನನ ತಾಯಿ ತೀರಿಕೊಂಡಳು. ಗೆದ್ದ ದಂಡು ರಾಜಮಾತೆಯ ಶವವನ್ನು ಬೀದರಕ್ಕೆ ಕಳುಹಿಸಬೇಕಾಯಿತು. ಫಿರಿಶ್ತಾ ಇದನ್ನೆಲ್ಲ ಬರೆದುದು ಬಿಜಾಪುರದಲ್ಲಿ ಕುಳಿತು, ಎರಡನೆಯ ಇಬ್ರಾಹೀಮ ಆದಿಲ್ ಶಹನ ಆಶ್ರಯದಲ್ಲಿ, ಘಟನೆ ನಡೆದು ನೂರು ವರುಷಗಳ ಮೇಲೆ ಕಳೆದ ಬಳಿಕ, ಎಂಬುದನ್ನು ನೆನಪಿಟ್ಟು ನಾವು ಅವನನ್ನು ಓದಬೇಕು. ಆದರೂ ಒಂದು ಮಾತು ಅವನ ಬರವಣಿಗೆಯಿಂದಲೇ ಸ್ಪಷ್ಟವಾಗುತ್ತದೆ: ಬೆಳಗಾವಿಯ ಮೇಲಣ ದಂಡಯಾತ್ರೆಗೆ ಕಾರಣವಾದುದು ಗೋವೆಯ ಬಂದರ, ಆ ಬಂದರದಿಂದ ಘಟ್ಟವೇರಿ ಬರುತ್ತಿದ್ದ ಕುದುರೆಗಳು, ಮತ್ತು ಎರಡು ರಾಜ್ಯಗಳ ಹಳೆಯ ಹಗೆ. ಸೋತ ನಾಯಕನು ಸರದಾರನಾದನು. ಅವನ ಪ್ರಜೆಗಳ ದೇವರ ವಿಚಾರ ಆ ವೃತ್ತಾಂತದಲ್ಲಿ ಎಲ್ಲಿಯೂ ಬರುವುದಿಲ್ಲ.

ಗವಾನನು ಅಸೂಯೆಗೆ ಬಲಿಯಾಗಿ 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಶಿರಚ್ಛೇದಕ್ಕೆ ಗುರಿಯಾದನು. ಅವನೊಂದಿಗೆ ಬಹಮನೀ ರಾಜ್ಯದ ಬೆನ್ನೆಲುಬೇ ಮುರಿಯಿತು. ಆಗ ನಮ್ಮ ಹುಕ್ಕೇರಿ ಸೀಮೆಯು ಕೆಲವು ಕಾಲ ಒಬ್ಬ ಸಾಹಸಿಯ ಕೈಗೆ ಸಿಕ್ಕಿತು. ಬಹಾದುರ ಗೀಲಾನಿಯೆಂಬ ಆ ಅಧಿಕಾರಿಯು ಗೋವೆಯಲ್ಲಿ ದಂಗೆಯೆದ್ದು, ದಾಭೋಳ, ಕೊಲ್ಹಾಪುರ, ಪನ್ಹಾಳ, ಬೆಳಗಾವಿಗಳನ್ನು ಹಿಡಿದು, ಹಿರಣ್ಯಕೇಶಿಯ ದಂಡೆಯ ಸಂಕೇಶ್ವರವನ್ನು ತನ್ನ ಮುಖ್ಯ ಠಾಣೆಯನ್ನಾಗಿ ಮಾಡಿಕೊಂಡನು. ಶಂಕರಲಿಂಗನ ಪುರಾತನ ದೇವಾಲಯವಿರುವ ಸಂಕೇಶ್ವರದಿಂದ ಅವನ ಹುಕುಮು ಅರಬ್ಬೀ ಸಮುದ್ರದವರೆಗೂ ನಡೆಯಿತೆಂಬುದನ್ನು ಇಂದು ಆ ಊರಿನ ಸಂತೆಯಲ್ಲಿ ನಿಂತವನು ಊಹಿಸುವುದು ಕಷ್ಟ. ಅವನ ಹಡಗುಗಳು ಗುಜರಾತಿನ ಹಡಗುಗಳನ್ನು ಸುಲಿದು, ಮಾಹೀಮವನ್ನು ಸುಟ್ಟಾಗ, ಗುಜರಾತಿನ ಸುಲ್ತಾನ ಮಹಮೂದ ಬೇಗಡಾ ಬೀದರಕ್ಕೆ ಬೆದರಿಕೆಯ ಪತ್ರ ಬರೆದನು. ಬಹಮನೀ ಸುಲ್ತಾನನು ದಂಡೆತ್ತಿ ಬಂದು ಸಂಕೇಶ್ವರವನ್ನು ಹಿಡಿದನು. 1494ರಲ್ಲಿ ಬಹಾದುರ ಗೀಲಾನಿಯು ಯುದ್ಧದಲ್ಲಿ ಬಾಣ ತಗುಲಿ ಸತ್ತನು. ಮುಸಲ್ಮಾನ ಸುಲ್ತಾನನ ದೂರಿನ ಮೇಲೆ, ಮುಸಲ್ಮಾನ ದಂಗೆಕೋರನ ವಿರುದ್ಧ, ಮುಸಲ್ಮಾನ ಅರಸನು ನಡೆಸಿದ ಈ ಯುದ್ಧದಲ್ಲಿ ಸಂಕೇಶ್ವರದ ರೈತನ ಪಾಡು ಎರಡು ದಶಕಗಳ ಹಿಂದಣ ಬೆಳಗಾವಿ ಮುತ್ತಿಗೆಯ ಕಾಲದ ಪಾಡಿಗಿಂತ ಸುಖಕರವಾಗಿದ್ದಿರಲಾರದು.

ಬಹಾದುರನ ಸೀಮೆಗಳು ಐನ್-ಉಲ್-ಮುಲ್ಕನಿಗೆ ದೊರೆತುವು. ಹುಕ್ಕೇರಿಯು ಇತಿಹಾಸದ ಬೆಳಕಿಗೆ ಬರುವುದು ಇವನೊಡನೆ. ಅಷ್ಟರಲ್ಲಿ ಬಹಮನೀ ರಾಜ್ಯವು ಒಡೆದು, ಬಿಜಾಪುರದಲ್ಲಿ ಯೂಸುಫ್ ಆದಿಲ್ ಖಾನನು ಆದಿಲಶಾಹಿಯೆಂಬ ಸ್ವತಂತ್ರ ಆಳ್ವಿಕೆಯನ್ನು ನೆಲೆಗೊಳಿಸಿದ್ದನು. 1502ರಲ್ಲಿ ಯೂಸುಫನು ಮಸೀದಿಗಳಲ್ಲಿ ಶಿಯಾ ಪಂಥದ ರೀತಿಯಿಂದ ಖುತಬಾ ಎಂಬ ಪ್ರವಚನವನ್ನು ಓದಿಸತೊಡಗಿದಾಗ, ಸುನ್ನಿಯಾಗಿದ್ದ ಐನ್-ಉಲ್-ಮುಲ್ಕನ ಮೇಲೆ ಅವನಿಗೆ ಸಂಶಯ ಹುಟ್ಟಿ, ಅವನನ್ನು ಸೇನಾಪತಿಯ ಪದವಿಯಿಂದ ತೆಗೆದು, ಅವನ ಪಾಲಿಗೆ ಹುಕ್ಕೇರಿ ಬೆಳಗಾವಿಗಳನ್ನು ಮಾತ್ರ ಉಳಿಸಿದನು. ಹೀಗೆ, ಶಿಯಾ ಸುನ್ನಿಗಳ ಒಂದು ಕಲಹದ ಫಲವಾಗಿ ಒಬ್ಬ ದೊಡ್ಡ ಸರದಾರನು ಹುಕ್ಕೇರಿಯನ್ನೇ ತನ್ನ ಮುಖ್ಯ ನೆಲೆಯನ್ನಾಗಿ ಮಾಡಿಕೊಳ್ಳಬೇಕಾಯಿತು. ಇಸ್ಲಾಂ ಈ ನಾಡಿಗೆ ಏಕರೂಪದ ಒಂದು ಶಕ್ತಿಯಾಗಿ ಬಂದಿತೆಂದು ಭಾವಿಸುವವರು ಈ ಪ್ರಸಂಗವನ್ನು ನೆನೆಯಬೇಕು. ಇರಾನಿನಿಂದ ಬಂದ ಪರದೇಶಿಗಳು, ಇಲ್ಲಿಯೇ ಹುಟ್ಟಿ ಬೆಳೆದ ದಖನಿಗಳು, ಆಫ್ರಿಕದ ಹಬಸಿಗಳು, ಇವರ ನಡುವಣ ಪೈಪೋಟಿಯಲ್ಲಿಯೇ ಆದಿಲಶಾಹಿಯ ಅರ್ಧ ಇತಿಹಾಸ ಸವೆದುಹೋಗಿದೆ.

ಜಹಗೀರುದಾರನೊಬ್ಬನು ಒಂದು ಊರಿನಲ್ಲಿ ನೆಲೆಸುವುದೆಂದರೆ ಕೇವಲ ಒಬ್ಬ ಮನುಷ್ಯನ ಆಗಮನವಲ್ಲ. ಅವನ ಹಿಂದೆ ಸವಾರರು, ಸವಾರರ ಕುದುರೆಗಳಿಗೆ ಲಾಳ ಕಟ್ಟುವವರು, ಕತ್ತಿಗೆ ಸಾಣೆ ಹಿಡಿಯುವ ಶಿಕಲಗಾರರು, ಹಾಸಿಗೆಯ ಹತ್ತಿ ಹಿಂಜುವ ಪಿಂಜಾರರು, ಅತ್ತರು ಮಾರುವ ಅತ್ತಾರರು, ಹಣ್ಣಿನ ತೋಟದ ಬಾಗವಾನರು, ಲೆಕ್ಕ ಬರೆಯುವ ಕಾರಕೂನರು, ನ್ಯಾಯ ಹೇಳುವ ಕಾಜಿ, ನಮಾಜಿಗೆ ಕರೆಯುವ ಮುಲ್ಲಾ, ಇವರೆಲ್ಲರ ಬಾಯಿಗೆ ಅನ್ನವನ್ನೂ ನೀರನ್ನೂ ಒದಗಿಸಬೇಕಾದ ಪೇಟೆ, ಹೀಗೆ ಒಂದು ಸಮಾಜವೇ ಬಂದು ಇಳಿಯುತ್ತಿದ್ದಿತು. ಘಟಪ್ರಭೆ ಹಿರಣ್ಯಕೇಶಿಗಳೆರಡೂ ತಾಲೂಕಿನಲ್ಲಿ ಹರಿದರೂ ಹುಕ್ಕೇರಿಯ ಊರು ಮಾತ್ರ ಹೊಳೆಯ ದಂಡೆಯ ಮೇಲಿಲ್ಲ. ಆದುದರಿಂದ ಇಂತಹ ಪೇಟೆಗೆ ನೀರು ತರುವುದೇ ಆಳುವವನ ಮೊದಲ ಚಿಂತೆಯಾಯಿತು. ನೆಲದಡಿಯ ಕೊಳವೆಗಳಲ್ಲಿ ನೀರನ್ನು ದೂರದಿಂದ ಹರಿಸಿ ತಂದು ಕಾರಂಜಿಯಲ್ಲಿ ಚಿಮ್ಮಿಸುವ ಇರಾನೀ ಕೌಶಲ ಹುಕ್ಕೇರಿಗೂ ಬಂದಿತು. ಇದೇ ವಿದ್ಯೆಯ ದೊಡ್ಡ ರೂಪವನ್ನು ಬಿಜಾಪುರದಲ್ಲಿ ಕಾಣಬಹುದು: ಅಲ್ಲಿ 1651ರಲ್ಲಿ ಕಟ್ಟಿದ ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ನಗರಕ್ಕೆ ನೀರು ಒಯ್ದು, ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ನಿಲ್ಲಿಸಿದರು, ನೀರಿನ ಒತ್ತಡವು ಆ ಗೋಪುರಗಳಲ್ಲಿ ತಗ್ಗಿ, ಕೆಸರು ತಳಕ್ಕಿಳಿದು, ತಿಳಿನೀರು ಮುಂದೆ ಸಾಗುತ್ತಿದ್ದಿತು. ಹುಕ್ಕೇರಿಯ ಗುಮ್ಮಟಗಳನ್ನು ನೋಡಲು ಬರುವ ಪ್ರವಾಸಿಗರು ಅದರ ಕಾರಂಜಿಯನ್ನೂ ಅಷ್ಟೇ ಆದರದಿಂದ ನೋಡಬೇಕೆಂದು ನನ್ನ ಬಿನ್ನಹ. ಗುಮ್ಮಟವು ಸತ್ತವರ ಕೀರ್ತಿಗಾಗಿ ಕಟ್ಟಿದುದು. ನೀರು ಬಂದುದು ಬದುಕಿದ್ದವರಿಗಾಗಿ, ಮತ್ತು ಅದನ್ನು ಕುಡಿದವರು ಎಲ್ಲ ಜಾತಿಯವರು.

ಬೆಳಗಾವಿಯ ಜಹಗೀರು ಮುಂದೆ ಅಸದ ಖಾನ ಲಾರಿಗೆ ಸಂದಿತು. ಇರಾನಿನ ಲಾರಿಸ್ತಾನದಿಂದ ಬಂದ ಖುಸ್ರೋ ಎಂಬ ಈ ಯುವಕನು, ಬಾಲಕನಾಗಿದ್ದ ಇಸ್ಮಾಯಿಲ್ ಆದಿಲ್ ಶಹನನ್ನು 1511ರ ಅರಮನೆಯ ದಂಗೆಯಲ್ಲಿ ಕಾಪಾಡಿ, ಅಸದ ಖಾನನೆಂಬ ಬಿರುದನ್ನೂ ಬೆಳಗಾವಿಯನ್ನೂ ಪಡೆದು, 1549ರಲ್ಲಿ ಸಾಯುವವರೆಗೂ ಈ ಸೀಮೆಯ ಪ್ರಭುವಾಗಿ ಮೆರೆದನು. ಪೋರ್ಚುಗೀಜರು ಅವನಿಗೆ ಅಂಜುತ್ತಿದ್ದರು. ಸುಲ್ತಾನರೂ ಅವನನ್ನು ಎಚ್ಚರದಿಂದಲೇ ನಡೆಸಿಕೊಳ್ಳುತ್ತಿದ್ದರು. ಬೆಳಗಾವಿಯ ಕೋಟೆಯಲ್ಲಿ 1519ರಲ್ಲಿ ಅವನು ಕಟ್ಟಿಸಿದ ಸಫಾ ಮಸೀದಿಯ ಒಳಹೊಕ್ಕವನು ಅಲ್ಲಿಯ ಕಂಬಗಳನ್ನು ಕಂಡು ನಿಲ್ಲಲೇಬೇಕು. ಆ ಕಂಬಗಳಲ್ಲಿ ಕೆಲವು ಹಿಂದಣ ದೇವಾಲಯಗಳವು. ಒಂದರ ಮೇಲೆ ರಟ್ಟರ ಕಾರ್ತವೀರ್ಯನ ಕಾಲದ, 1199ರ ಶಾಸನವಿದೆ. ಇನ್ನೊಂದರ ಮೇಲೆ ಸೇವುಣರ ಕೃಷ್ಣನ ಕಾಲದ, 1261ರ ಶಾಸನವಿದೆ.

ಇಲ್ಲಿ ಲೇಖಕನು ಮಾತನ್ನು ನುಂಗಬಾರದು. ಗೆದ್ದವರು ಸೋತವರ ಆರಾಧನಾಸ್ಥಾನಗಳನ್ನು ಕೆಡವಿದುದುಂಟು, ಅವುಗಳ ಕಲ್ಲಿನಿಂದ ಕಟ್ಟಿದುದುಂಟು. ಬೆಳಗಾವಿಯ ಕೋಟೆಯ ಗೋಡೆಗಳಲ್ಲಿಯೂ ಮಸೀದಿಯ ಕಂಬಗಳಲ್ಲಿಯೂ ಅದರ ಸಾಕ್ಷ್ಯವು ಕಣ್ಣಿಗೆ ಕಾಣುವಂತೆ ನಿಂತಿದೆ. ರಾಜ್ಯಲಕ್ಷ್ಮಿಯು ಕೈಬದಲಿಸಿದಳೆಂಬುದನ್ನು ಸಾರಲು ಸೋತ ಅರಸನ ದೇವರನ್ನು ಅಪಹರಿಸುವ ಪದ್ಧತಿ ಹಿಂದೂ ಅರಸರಲ್ಲಿಯೂ ಇದ್ದಿತೆಂಬುದು ನಿಜವೇ ಆದರೂ, ಅದರಿಂದ ಈ ನಾಶದ ವೇದನೆಯು ಕಡಿಮೆಯಾಗುವುದಿಲ್ಲ. ಕನ್ನಡದ ಶಿಲ್ಪಿಯೊಬ್ಬನು ಭಕ್ತಿಯಿಂದ ಕಡೆದು ನಿಲ್ಲಿಸಿದ ಕಂಬವು ಇನ್ನೊಂದು ಮಾಡನ್ನು ಹೊರಬೇಕಾಗಿ ಬಂದುದು ದುಃಖದ ಸಂಗತಿಯೇ ಸರಿ. ಆದರೆ ಅದೇ ಕೋಟೆಯೊಳಗೆ, ಅದೇ ಅಸದ ಖಾನನ ನಾಲ್ಕು ದಶಕಗಳ ಆಳ್ವಿಕೆಯನ್ನು ದಾಟಿ, ಕಮಲ ಬಸದಿಯು ತನ್ನ ಭುವನೇಶ್ವರಿಯೆಂಬ ಚಾವಣಿಯ ಕಲ್ಲಿನ ಕಮಲದೊಡನೆ ಇಂದಿಗೂ ಉಳಿದಿರುವುದು ಕೂಡ ಅಷ್ಟೇ ಸತ್ಯ. ಒಂದು ಸತ್ಯವನ್ನು ಹೇಳಿ ಇನ್ನೊಂದನ್ನು ಬಚ್ಚಿಡುವ ಇತಿಹಾಸಕಾರನು ತನ್ನ ಪಕ್ಷದವರಿಗೂ ಉಪಕಾರ ಮಾಡಿದಂತಾಗುವುದಿಲ್ಲ.

ಕೋಟೆಯ ಕಥೆ ಇಷ್ಟು. ಹಳ್ಳಿಯ ಕಥೆ ಬೇರೆ. ಬೆಳಗಾವಿ ಕೋಟೆ ಬಿದ್ದ 1473ರಿಂದ ಬಿಜಾಪುರ ಬಿದ್ದ 1686ರವರೆಗೆ ಇನ್ನೂರಕ್ಕೂ ಮಿಕ್ಕಿದ ವರುಷ ಈ ಸೀಮೆಯನ್ನು ಮುಸಲ್ಮಾನ ದೊರೆಗಳು ಆಳಿದರು. ಆ ಬಳಿಕವೂ ಗೋಕಾಕದಂತಹ ಭಾಗಗಳಲ್ಲಿ ಸವಣೂರಿನ ನವಾಬರ ಆಡಳಿತ ನಡೆಯಿತು. ಹೀಗಿದ್ದೂ 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಮುಸಲ್ಮಾನರು ನೂರಕ್ಕೆ ಸುಮಾರು 11 ಮಾತ್ರ. ಆಳುವವರು ಊರೂರನ್ನೇ ಬಲಾತ್ಕಾರದಿಂದ ಮತಾಂತರಿಸಲು ಹೊರಟಿದ್ದರೆ ಈ ಲೆಕ್ಕವು ಹೀಗಿರುತ್ತಿರಲಿಲ್ಲ. ಸುಲ್ತಾನನಿಗೆ ಬೇಕಾಗಿದ್ದುದು ಕಂದಾಯ. ಕಂದಾಯ ಬೇಕಾದರೆ ಹೊಲ ಬಿತ್ತುವ ಒಕ್ಕಲು ನೆಮ್ಮದಿಯಿಂದಿರಬೇಕು, ಲೆಕ್ಕ ಬಲ್ಲ ಕುಲಕರ್ಣಿ ಬೇಕು, ಊರನ್ನು ಅಂಕೆಯಲ್ಲಿಡುವ ಗೌಡನೂ ದೇಸಾಯಿಯೂ ಬೇಕು. ಆದುದರಿಂದಲೇ ಮೊದಲನೆಯ ಇಬ್ರಾಹೀಮ ಆದಿಲ್ ಶಹನು ಪಟ್ಟವೇರಿದ ಹೊಸದರಲ್ಲಿ, 1535ರ ಸುಮಾರಿಗೆ, ಕಂದಾಯದ ಲೆಕ್ಕಗಳನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿ ಬ್ರಾಹ್ಮಣ ಕಾರಕೂನರ ಕೈಗೆ ಒಪ್ಪಿಸಿದನು. ಹಳೆಯ ಗೌಡಿಕೆಗಳೂ ದೇಸಗತಿಗಳೂ ಉಳಿದುವು, ಕೆಲವು ಹೊಸದಾಗಿ ಬೆಳೆದುವು. ಹುಕ್ಕೇರಿಯ ಸೀಮೆಯಲ್ಲಿ ಲಿಂಗಾಯತ ಮಠಗಳು, ಮೂಡಲಗಿಯಲ್ಲಿ ಶಿವಬೋಧರಂಗ ಮಠ, ಸಂಕೇಶ್ವರದಲ್ಲಿ ಶಂಕರಾಚಾರ್ಯ ಪೀಠ, ಇವೆಲ್ಲ ಬೆಳೆದು ಬಾಳಿದುದು ಇದೇ ನೆಲದಲ್ಲಿ. ತಾಲೂಕು, ಜಮೀನು, ಅರ್ಜಿ, ಕಚೇರಿ, ಇನಾಮು ಎಂಬ ಮಾತುಗಳು ನಮ್ಮ ರೈತನ ಬಾಯಲ್ಲಿ ನೆಲೆಸಿದುದು ಈ ಕಾಲದ ದಫ್ತರಗಳ ಮೂಲಕ.

ಹಾಗಾದರೆ ಇಸ್ಲಾಮನ್ನು ಒಪ್ಪಿದ ಆ ಕೆಲವರು ಯಾರು? ಹೊರಗಿನಿಂದ ಬಂದ ಸೈನಿಕರ ಸಂತತಿಯವರು ಇದ್ದರು, ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಇಲ್ಲಿಯವರೇ ಆದರು. ಆದರೆ ಪಿಂಜಾರ, ಮೋಮಿನ, ಮನಿಯಾರ, ಶಿಕಲಗಾರ ಎಂದು ಕಸುಬಿನಿಂದಲೇ ಕರೆಸಿಕೊಳ್ಳುವ ಮನೆತನಗಳ ಬಾಳನ್ನು ನೋಡಿದರೆ, ಅವರಲ್ಲಿ ಬಹುಮಂದಿ ಈ ಮಣ್ಣಿನ ಕುಶಲಕರ್ಮಿಗಳೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇವರ ಕಸುಬುಗಳು ಪೇಟೆಯನ್ನೂ ದಂಡನ್ನೂ ನೆಚ್ಚಿದ ಕಸುಬುಗಳು. ಹೊಸ ಅರಸೊತ್ತಿಗೆಯ ಪೇಟೆಗಳಲ್ಲಿ ಇವರು ಕೂಡಿ ದುಡಿಯುತ್ತ, ಕೂಡಿ ಬಾಳುತ್ತ, ಕಾಲಕ್ರಮದಲ್ಲಿ ಕೂಡಿ ನಮಾಜು ಮಾಡುವವರಾದರು. ಯಾವ ದಿನ, ಯಾವ ಅರಸನ ಕಾಲದಲ್ಲಿ ಎಂದು ಬೆರಳಿಟ್ಟು ತೋರಿಸುವಂತಿಲ್ಲದ ಈ ಪರಿವರ್ತನೆ, ಹೊಲದ ಬದುವಿನಲ್ಲಿ ನೀರು ಇಂಗುವಂತೆ, ನೋಡುವವರ ಕಣ್ಣಿಗೆ ಬೀಳದೆಯೇ ಆಯಿತು.

ಈ ನಿಧಾನವಾದ ಪರಿವರ್ತನೆಯಲ್ಲಿ ಅರಸರಿಗಿಂತ ಹೆಚ್ಚಿನ ಪಾತ್ರ ವಹಿಸಿದವರು ಸೂಫಿಗಳು. ದಖ್ಖನದ ಸೂಫಿಗಳಲ್ಲಿ ಅಗ್ರಗಣ್ಯರಾದ ಖ್ವಾಜಾ ಬಂದೇನವಾಜರು 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿ, 1400ರ ಸುಮಾರಿಗೆ ಇಳಿವಯಸ್ಸಿನಲ್ಲಿ ಕಲಬುರ್ಗಿಗೆ ಬಂದು, 1422ರಲ್ಲಿ, ನೂರು ವರುಷ ತುಂಬಿದ ಬಳಿಕ, ಅಲ್ಲಿಯೇ ದೇಹವಿಟ್ಟರು. ಅವರ ಹೆಸರು ಗೋಕಾಕ ತಾಲೂಕಿನವರೆಗೂ ಹೇಗೆ ಹರಿದುಬಂದಿತೆಂಬುದನ್ನು ನೋಡಬೇಕಾದರೆ ಸಾವಳಗಿಗೆ ಹೋಗಬೇಕು. ಸಾವಳಗಿಯ ಶಿವಲಿಂಗೇಶ್ವರರು ವೀರಶೈವ ಪರಂಪರೆಯ ಯೋಗಿಗಳು. ಅವರಿಗೂ ಬಂದೇನವಾಜರಿಗೂ ಗಾಢವಾದ ಸ್ನೇಹವಿದ್ದಿತೆಂದು ಮಠದ ಭಕ್ತರೂ ದರ್ಗಾದ ಭಕ್ತರೂ ಸಮಾನವಾಗಿ ನಂಬುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಪವಾಡಗಳಿಂದ ಪರೀಕ್ಷಿಸಿ, ಕೊನೆಗೆ ಇಬ್ಬರಲ್ಲಿರುವುದೂ ಒಂದೇ ಬೆಳಕೆಂದು ಕಂಡುಕೊಂಡು ತಮ್ಮ ಗುರುತುಗಳನ್ನು ಹಂಚಿಕೊಂಡರೆಂಬುದು ಆ ಐತಿಹ್ಯದ ಸಾರ. ಆ ಸ್ನೇಹದ ನೆನಪಾಗಿ ಪೀಠದ ಸ್ವಾಮಿಗಳ ಉಡುಪಿನಲ್ಲಿ ಹಸಿರು ಬಣ್ಣವು ಇಂದಿಗೂ ಉಳಿದುಬಂದಿದೆ, ಮತ್ತು ಮಠದ ಜಾತ್ರೆಗೆ ಮುಸಲ್ಮಾನ ಭಕ್ತರೂ ತಪ್ಪದೆ ಬರುತ್ತಾರೆ.

ಇಂತಹ ಐತಿಹ್ಯಗಳನ್ನು ಇತಿಹಾಸವೆಂದು ಒಪ್ಪಬಹುದೇ ಎಂದು ಪಂಡಿತರು ಕೇಳಬಹುದು. ಪವಾಡಗಳ ಮಾತನ್ನು ಬಿಡೋಣ. ಆದರೆ ಇಬ್ಬರು ಸಾಧಕರು ಸೆಣಸಿ ಒಬ್ಬರು ಇನ್ನೊಬ್ಬರನ್ನು ಸೋಲಿಸಿದರೆಂದು ಕಥೆ ಕಟ್ಟದೆ, ಇಬ್ಬರೂ ಗೆಳೆಯರಾದರೆಂದು ಕಥೆ ಕಟ್ಟಿ ಅದನ್ನು ಶತಮಾನಗಳ ಕಾಲ ಜೋಪಾನ ಮಾಡಿದ ಜನರ ಮನಸ್ಸು ಇತಿಹಾಸದ ವಿಷಯವೇ ಆಗಿದೆ. ಎರಡು ಮತಗಳು ಒಂದೇ ಊರಿನಲ್ಲಿ ಬಾಳಬೇಕಾದಾಗ ಹಳ್ಳಿಯ ಬುದ್ಧಿವಂತಿಕೆಯು ಕಂಡುಕೊಂಡ ದಾರಿ ಇದು, ಮತ್ತು ಇದನ್ನು ಕಂಡುಕೊಳ್ಳಲು ಅದಕ್ಕೆ ಯಾವ ಸುಲ್ತಾನನ ಫರ್ಮಾನೂ ಬೇಕಾಗಲಿಲ್ಲ.

ಸೂಫಿಗಳ ಬೋಧೆ ಮನೆಯೊಳಗೆ ಹೊಕ್ಕ ಬಗೆಯೂ ಗಮನಾರ್ಹವಾದುದು. ಬಿಜಾಪುರದ ಸೂಫಿ ಪರಂಪರೆಯಲ್ಲಿ, ಹದಿನಾರು ಹದಿನೇಳನೆಯ ಶತಮಾನಗಳಲ್ಲಿ, ಬೀಸುವ ಕಲ್ಲಿನ ಮುಂದೆಯೂ ನೂಲುವ ರಾಟಿಯ ಮುಂದೆಯೂ ಹಾಡಿಕೊಳ್ಳಲು ಬರುವಂತೆ ದಖನಿ ಭಾಷೆಯಲ್ಲಿ ಪದಗಳು ಹುಟ್ಟಿದುವು. ದೇವರ ಏಕತ್ವವನ್ನೂ ಗುರುವಿನ ಮಹಿಮೆಯನ್ನೂ ಅವು ಕಲ್ಲಿನ ಹಿಡಿಗೂ ಗೂಟಕ್ಕೂ ಹೋಲಿಸಿ ಹೇಳಿದುವು. ಬೆಳಗಿನ ಜಾವ ಬೀಸುತ್ತ ಹಾಡುವ ಪದ್ಧತಿಯಂತೂ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೊಸದಲ್ಲ. ಮೌಲವಿಯ ಪಾರಸಿಯು ತಲುಪದಿದ್ದಲ್ಲಿಗೆ ತಾಯಿಯ ಹಾಡು ತಲುಪಿತು. ತೊಟ್ಟಿಲಲ್ಲಿದ್ದ ಕೂಸು ಧರ್ಮದ ಮೊದಲ ಮಾತನ್ನು ಕೇಳಿದುದು ಜೋಳದ ಹಿಟ್ಟು ಉದುರುವ ಸಪ್ಪಳದ ಜೊತೆಗೆ. ಅದರ ಮಗ್ಗುಲಲ್ಲಿಯೇ ದರ್ಗಾದ ಆಕರ್ಷಣೆ. ಮಕ್ಕಳಿಲ್ಲದವರು, ಜ್ವರದಿಂದ ಬಳಲುವವರು, ಎಮ್ಮೆ ಕಳೆದುಕೊಂಡವರು, ಜಾತಿಯ ಕಾರಣದಿಂದ ಗುಡಿಯ ಹೊಸ್ತಿಲಾಚೆ ನಿಲ್ಲಬೇಕಾಗಿದ್ದವರು, ಯಾರೇ ಬಂದರೂ ಪೀರನ ಗೋರಿಯ ಬಳಿಗೆ ನೇರವಾಗಿ ಹೋಗಿ, ಸಕ್ಕರೆ ಓದಿಸಿ, ನವಿಲುಗರಿಯ ಸ್ಪರ್ಶವನ್ನು ನೆತ್ತಿಗೆ ಪಡೆದು ಬರಬಹುದಾಗಿದ್ದಿತು. ಬಂದವರೆಲ್ಲ ಮುಸಲ್ಮಾನರಾಗಲಿಲ್ಲ, ಬಹುಮಂದಿ ತಮ್ಮ ಮನೆದೇವರನ್ನು ಪೂಜಿಸುತ್ತಲೇ ಪೀರನಿಗೂ ನಡೆದುಕೊಂಡರು. ಕೆಲವರು ಮಾತ್ರ, ತಲೆಮಾರು ಕಳೆದಂತೆ, ಮೆಲ್ಲಮೆಲ್ಲನೆ ಆಚೆಯ ದಡಕ್ಕೆ ಸೇರಿದರು.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದು ಸಿಕಂದರ ಆದಿಲ್ ಶಹನನ್ನು ಸೆರೆಹಿಡಿದಾಗ, ಈ ನಾಡಿನ ಮುಸಲ್ಮಾನರ ಅರಸೊತ್ತಿಗೆಯನ್ನು ಮುಗಿಸಿದವನೂ ಮುಸಲ್ಮಾನನೇ ಆದಂತಾಯಿತು. ಬಾದಶಹನು ಮುಂದೆ ವರುಷಗಟ್ಟಲೆ ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಪಾಳೆಯ ಬಿಟ್ಟನು. 1695ರಲ್ಲಿ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಅವನನ್ನು ಅಲ್ಲಿ ಕಂಡು, ಬೆನ್ನು ಬಾಗಿದ ಮುದುಕನು ಕೋಲೂರಿಕೊಂಡು ನಡೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬಿಜಾಪುರದ ಪಠಾಣ ಸರದಾರರ ಮನೆತನದ ಅಬ್ದುಲ್ ರವೂಫ್ ಖಾನನು ಮೊಗಲರನ್ನು ಸೇರಿ ಬಂಕಾಪುರ, ತೊರಗಲ್ಲು, ಬೆಳಗಾವಿಗಳ ಅಧಿಕಾರವನ್ನು ಪಡೆದನು. ಅವನ ವಂಶದವರೇ ಸವಣೂರಿನ ನವಾಬರು. 1717ರಿಂದ 1754ರವರೆಗೆ ಗೋಕಾಕವು ಅವರ ಕೈಯಲ್ಲಿದ್ದಾಗ ಅಲ್ಲಿಯ ಮಸೀದಿಯನ್ನೂ ಗಂಜಿಖಾನೆಯನ್ನೂ ಅವರು ಕಟ್ಟಿಸಿದರು. ಬಳಿಕ ಊರು ಮರಾಠ ಸರದಾರರಾದ ಪಟವರ್ಧನರದಾಯಿತು, 1836ರಲ್ಲಿ ಇಂಗ್ಲಿಷರದಾಯಿತು. ದೊರೆಗಳು ಹೋದರು, ಆದರೆ ಅವರ ಆಸರೆಯನ್ನು ಎಂದೋ ಬಿಟ್ಟು ತನ್ನ ಕಾಲ ಮೇಲೆ ನಿಂತಿದ್ದ ಧರ್ಮವು ಹಳ್ಳಿಗಳಲ್ಲಿ ಹಾಗೆಯೇ ಉಳಿಯಿತು, ಏಕೆಂದರೆ ಅದು ಅಲ್ಲಿ ಉಳಿದಿದ್ದುದು ದೊರೆಯ ಬಲದಿಂದಲ್ಲ.

ಅದು ಎಷ್ಟು ಆಳಕ್ಕೆ ಇಳಿಯಿತೆಂಬುದಕ್ಕೆ ಮೊಹರಮ್ಮಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕ್ರಿ. ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನೀರಿಲ್ಲದೆ ಬಳಲಿ ಹತರಾದ, ಪೈಗಂಬರರ ಮೊಮ್ಮಗ ಹುಸೇನರ ಶೋಕಾಚರಣೆಯನ್ನು ಶಿಯಾ ಪಂಥವನ್ನು ಒಪ್ಪಿದ ಆದಿಲಶಾಹಿ ಅರಸರು ತಮ್ಮ ಆಸ್ಥಾನದಲ್ಲಿ ಬೆಳೆಸಿದರು. ಆಸ್ಥಾನದ ಆ ಶೋಕವು ಹಳ್ಳಿಗೆ ಬರುವಷ್ಟರಲ್ಲಿ ಕನ್ನಡದ ಹಬ್ಬವಾಯಿತು. ಅಲಾಯಿಯ ಕುಣಿ ತೋಡುವವನು ಒಂದು ಜಾತಿಯವನು, ಅದಕ್ಕೆ ಕಟ್ಟಿಗೆ ತರುವವನು ಇನ್ನೊಂದು ಜಾತಿಯವನು. ಪಂಜಾ ಹಿಡಿಯುವ ಹರಕೆ ಲಿಂಗಾಯತರ ಮನೆಗಿದ್ದರೆ, ಹುಲಿವೇಷ ಹಾಕುವ ಹರಕೆ ಕುರುಬರ ಮನೆಗೆ. ಚೋಂಗೆಯ ಸಿಹಿ ಎಲ್ಲರ ಮನೆಯಲ್ಲಿ. ಕರ್ಬಲಾದ ಕಥೆಯನ್ನು ಹೇಳುವ ರಿವಾಯತ ಪದಗಳನ್ನು ಕಟ್ಟಿದವರೂ ಹಾಡಿದವರೂ ಕನ್ನಡಿಗರು, ಮೇಳ ಕಟ್ಟಿಕೊಂಡು ಹೆಜ್ಜೆ ಹಾಕುತ್ತ ರಾತ್ರಿಯಿಡೀ ಹಾಡುವ ಆ ಗಾಯಕರಲ್ಲಿ ಹಿಂದೂಗಳೇ ಬಹಳ. ಇದೇ ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲ. ಆದರೂ ಅಲ್ಲಿಯ ಫಕೀರೇಶ್ವರಸ್ವಾಮಿಯ ಮಸೀದಿಯನ್ನು ಊರಿನ ಹಿಂದೂಗಳೇ ನೋಡಿಕೊಳ್ಳುತ್ತಾರೆ, ಮೊಹರಂ ಬಂದಾಗ ನೆರೆಯೂರಿನಿಂದ ಮೌಲವಿಯನ್ನು ಕರೆಸಿ ವಿಧಿಗಳನ್ನು ನಡೆಸುತ್ತಾರೆ, ಅವನು ಊರಿಗೆ ಮರಳಿದ ಮೇಲೆ ವರುಷದ ಉಳಿದ ದಿನಗಳ ಪೂಜೆಯನ್ನು ತಾವೇ ಮಾಡುತ್ತಾರೆ.